ಗಂಟಲಿನ ಲೆಕ್ಕ, ವಾರಿಜಕ್ಕನ ದನಿ

ಮನುಷ್ಯನ ಗಂಟಲನ್ನು ಕೊಳವೆ ಎಂದು ಭಾವಿಸಿ ಲೆಕ್ಕ ಹಾಕುವುದು ನನ್ನ ನೌಕರಿಯಾಗಿತ್ತು. ನಿವೃತ್ತಳಾದ ಮೇಲೆ ಯಾರಾದರೂ ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರೆ ಸರಕಾರಿ ಕೆಲಸ ಎಂದು ಹೇಳಿ ಜಾರಿಕೊಳ್ಳುತ್ತೇನೆ. ಪೂರ್ತಿ ಹೇಳಲು ಕೂತರೆ ಕೇಳಿದವರ ಚಹಾ ಆರಿಹೋಗುತ್ತದೆ. ಆದರೆ ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ಒಮ್ಮೆಯಾದರೂ ಪೂರ್ತಿ ಹೇಳಬೇಕು ಅನ್ನಿಸಿದೆ. ಯಂತ್ರದಿಂದ ಮಾತಾಡಿಸುವುದು ನಿಮಗೆ ನೀರು ಕುಡಿದಷ್ಟು ಸುಲಭ. ನಮಗೆ ಹಾಗಿರಲಿಲ್ಲ, ಅದಕ್ಕೆ ನನಗೆ ಬೇಸರವೂ ಇಲ್ಲ. ಒಬ್ಬ ಹೆಂಗಸಿನ ದನಿ ನಮ್ಮ ಬಾಗಿಲಿಗೇ ನಡೆದು ಬಂದಿತ್ತು, ನಾವು ಅದನ್ನು ಉಳಿಸಿಕೊಳ್ಳಲಿಲ್ಲ, ಬೇಸರ ಅದಕ್ಕೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಡುವೆ ಬೇರೆ ಸಂಗತಿಗಳು ನುಗ್ಗಿದರೆ ವಯಸ್ಸಾದವಳ ಮಾತು ಎಂದು ಸಹಿಸಿಕೊಳ್ಳಿ.

ನಾನು ಧಾರವಾಡದವಳು. ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಪುಣೆಗೆ ಬಂದೆ. ಮನೆ ಬಿಬವೇವಾಡಿಯಲ್ಲಿ, ಕೆಲಸ ಸಿಕ್ಕಿದ್ದು ದೇಹೂ ರೋಡ್ ಕಡೆಯ ಒಂದು ಪ್ರಯೋಗಾಲಯದಲ್ಲಿ. ದಿನಾ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಹೋಗಿ, ಅಲ್ಲಿ ಲೋಣಾವಳಾ ಲೋಕಲ್ ಹಿಡಿಯಬೇಕಿತ್ತು. ಮೊದಲ ದಿನ ನಮ್ಮ ವಿಭಾಗದ ಮುಖ್ಯಸ್ಥರಾದ ಲೇಲೆ ಸರ್ ನನ್ನನ್ನು ಒಂದು ಮೇಜಿನ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ದಪ್ಪ ಪ್ಲಾಸ್ಟಿಕ್ಕಿನ ಬಿಲ್ಲೆಗಳಿದ್ದವು, ಪ್ರತಿಯೊಂದರ ನಡುವೆ ಬೇರೆ ಬೇರೆ ಅಗಲದ ತೂತು. ಅವನ್ನು ಸಾಲಾಗಿ ಜೋಡಿಸಿ, ಒಂದು ತುದಿಗೆ ಹಾರ್ಮೋನಿಯಂನೊಳಗಿನ ಹಿತ್ತಾಳೆ ಪಟ್ಟಿ ಕಟ್ಟಿ ಗಾಳಿ ಒತ್ತಿದರು. ಕೊಳವೆ "ಆ" ಎಂದಿತು. ಸಾಲನ್ನು ಹಿಂದುಮುಂದು ಮಾಡಿ ಮತ್ತೆ ಒತ್ತಿದರು. ಈ ಸಲ "ಈ" ಎನ್ನುವ ಹಾಗೆ ಕೇಳಿಸಿತು. ಆ ಕ್ಷಣಕ್ಕೇ ನಾನು ಆ ಕೆಲಸಕ್ಕೆ ಮಾರುಹೋದೆ.

ಲೆಕ್ಕ ಇಷ್ಟೇ. ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ದಾರಿಯನ್ನು ಸಣ್ಣ ಸಣ್ಣ ತುಂಡು ಕೊಳವೆಗಳೆಂದು ಎಣಿಸಬೇಕು. ಎರಡು ತುಂಡುಗಳು ಕೂಡುವ ಕಡೆ ದನಿಯ ಒಂದು ಪಾಲು ಮುಂದೆ ಹೋಗುತ್ತದೆ, ಒಂದು ಪಾಲು ಹಿಂದಕ್ಕೆ ತಿರುಗುತ್ತದೆ. ಎಷ್ಟು ಪಾಲು ಎಂಬುದು ಆ ಎರಡು ತುಂಡುಗಳ ಅಗಲದ ಮೇಲಿದೆ. ನಾಲಿಗೆ ಏಳುತ್ತದೆ, ಬೀಳುತ್ತದೆ, ತುಟಿ ಮುಚ್ಚುತ್ತದೆ, ತೆರೆಯುತ್ತದೆ. ಆಗೆಲ್ಲ ಅಗಲ ಬದಲಾಗುತ್ತದೆ, ಅಕ್ಷರ ಬದಲಾಗುತ್ತದೆ. ಅಗಲಗಳು ಗೊತ್ತಿದ್ದರೆ ಕಂಪ್ಯೂಟರು ಯಾರ ಹಂಗೂ ಇಲ್ಲದೆ ಮಾತಾಡಬೇಕು. ಮರಾಠಿಯಲ್ಲಿ ಹೆಂಗಸರ ಹೆಸರಿನ ಕೊನೆಗೆ ಬಾಯಿ ಎಂದು ಸೇರಿಸಿ ಕರೆಯುತ್ತಾರಷ್ಟೆ, ಲೇಲೆ ಸರ್ ನನ್ನನ್ನು ಸುಮಂಗಲಾಬಾಯಿ ಎನ್ನುತ್ತಿದ್ದರು. ಬಾಯಿ ಅಳೆಯುವುದಕ್ಕೆ ಬಾಯಿಯನ್ನೇ ಇಟ್ಟುಕೊಂಡಿದ್ದಾರೆ ಎಂದು ನನ್ನ ಗಂಡ ವರ್ಷಗಟ್ಟಲೆ ಅದೊಂದೇ ತಮಾಷೆಯಲ್ಲಿ ಕಾಲ ಕಳೆದರು.

ಅಗಲ ಗೊತ್ತಾಗಬೇಕಾದರೆ ಯಾರದಾದರೂ ಬಾಯಿಯೊಳಗೆ ನೋಡಬೇಕು. ಲೇಲೆ ಸರ್ ತಮ್ಮದನ್ನೇ ಕೊಟ್ಟರು. ಎಕ್ಸ್-ರೇಯಲ್ಲಿ ನಾಲಿಗೆಯ ನಡುಗೆರೆ ಕಾಣಬೇಕಾದರೆ ಅದರ ಮೇಲೆ ಎಳೆಯಂಥ ಚಿನ್ನದ ಸರ ಇಟ್ಟುಕೊಳ್ಳಬೇಕೆಂದು ಅವರು ಎಲ್ಲೋ ಓದಿದ್ದರು. ಚಿನ್ನ ಕೊಳ್ಳಲು ಅನುಮತಿ ಕೇಳಿದರೆ ಕಚೇರಿಯವರು ದನಿಯ ಸಂಶೋಧನೆಗೆ ಒಡವೆ ಏಕೆ ಎಂದು ಕಡತ ವಾಪಸು ಕಳಿಸಿದರು. ಕೊನೆಗೆ ನನ್ನ ಕೊರಳಲ್ಲಿದ್ದ ತೆಳು ಸರವನ್ನೇ ಬಿಚ್ಚಿಕೊಟ್ಟೆ. ಅವರು ಅದನ್ನು ಕುದಿಯುವ ನೀರಿನಲ್ಲಿ ತೊಳೆದು, ನಾಲಿಗೆಯ ಮೇಲೆ ಎಳೆದುಕೊಂಡು, ವಾಂತಿ ತಡೆದುಕೊಳ್ಳುತ್ತ ಆ, ಈ, ಊ ಎಂದರು. ಅವತ್ತು ಸಂಜೆ ನನ್ನ ಅತ್ತೆ ಖಾಲಿ ಕೊರಳು ನೋಡಿ, "ಸರಾ ಎಲ್ಲದ?" ಎಂದು ಕೇಳಿದರು.

"ನಮ್ಮ ಸಾಹೇಬ್ರ ಬಾಯಾಗ ಅದರಿ" ಎಂದೆ. ನನ್ನ ಬಾಯಿಂದ ಸತ್ಯವೇ ಬಂದಿತ್ತು. ಅವರು ನಂಬಲಿಲ್ಲ, ನಗಲೂ ಇಲ್ಲ.

ಹೀಗೆ ನಮ್ಮ ಪ್ರಯೋಗಾಲಯದ ಮೂಲ ಗಂಟಲು ಲೇಲೆ ಸರ್ ಅವರದಾಯಿತು. ಮುಂದೆ ನಾವು ಮಾಡಿದ ದನಿಗಳೆಲ್ಲ ಆ ಒಂದೇ ಗಂಟಲಿನ ಮಕ್ಕಳು. ಹೆಂಗಸಿನ ದನಿ ಬೇಕೆಂದರೆ ಆ ಕೊಳವೆಯನ್ನು ಉದ್ದಕ್ಕೂ ಒಂದೇ ಪ್ರಮಾಣದಲ್ಲಿ ಕುಗ್ಗಿಸುತ್ತಿದ್ದೆವು. ಗಂಡಸಿನ ಅಂಗಿಯನ್ನು ಚಿಕ್ಕದು ಮಾಡಿದರೆ ಹೆಂಗಸಿಗೆ ಸರಿಹೊಂದುತ್ತದೆ ಎಂದುಕೊಂಡ ಹಾಗೆ. ನಾನೂ ಹೆಂಗಸೇ, ನನಗೂ ಅದು ವಿಚಿತ್ರ ಎನಿಸಲಿಲ್ಲ. ಸಮೀಕರಣ ಸುಂದರವಾಗಿದ್ದರೆ ನಮಗೆ ಅಷ್ಟು ಸಾಕಿತ್ತು.

ನಮ್ಮಲ್ಲಿ ಎರಡು ಕಟ್ಟಳೆಗಳಿದ್ದವು. ಮೊದಲನೆಯದು, ಯಂತ್ರದ ಮಾತಿನೊಳಗೆ ಮನುಷ್ಯನ ಧ್ವನಿಮುದ್ರಣದ ಒಂದು ಚೂರೂ ಸೇರಬಾರದು. ಆ ಹೊತ್ತಿಗೆ ಬೇರೆ ಕಡೆಗಳಲ್ಲಿ ಯಾರದೋ ಮಾತನ್ನು ಮುದ್ರಿಸಿಕೊಂಡು, ತುಂಡು ಮಾಡಿ, ಬೇಕಾದಂತೆ ಜೋಡಿಸುವ ಪದ್ಧತಿ ಶುರುವಾಗಿತ್ತು. ರೈಲು ನಿಲ್ದಾಣದಲ್ಲಿ ಹಾಗೆ ಹೊಲಿದ ಪ್ರಕಟಣೆ ಕೇಳಿಬಂದರೆ ಲೇಲೆ ಸರ್ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. "ನಾವು ದರ್ಜಿಗಳಲ್ಲ ಬಾಯಿ, ನಾವು ದನಿ ಹುಟ್ಟಿಸುವವರು" ಎಂದು ಮರಾಠಿಯಲ್ಲಿ ಗುಡುಗುತ್ತಿದ್ದರು. ಎರಡನೆಯದು, ಅಳತೆಗಾಗಿ ಮುದ್ರಿಸಿಕೊಂಡ ಸ್ವರದ ತಲೆ ಮತ್ತು ಬಾಲ ಕತ್ತರಿಸಿ ನಡುವಿನ ಭಾಗ ಮಾತ್ರ ಇಟ್ಟುಕೊಳ್ಳಬೇಕು. ಸ್ವರ ಶುರುವಾಗುವಾಗ ಏರುತ್ತದೆ, ಮುಗಿಯುವಾಗ ಇಳಿಯುತ್ತದೆ. ಲೆಕ್ಕಕ್ಕೆ ಬೇಕಾದದ್ದು ಅಲುಗಾಡದ ನಡುಭಾಗ. ತೊಂಡೆಕಾಯಿಯ ಎರಡು ತುದಿ ತೆಗೆದಂತೆ ನಾವು ದಿನವೆಲ್ಲ ಅದನ್ನೇ ಮಾಡುತ್ತಿದ್ದೆವು. ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಿ, ಟೇಪನ್ನು ಅಳಿಸಿ ಮರುದಿನಕ್ಕೆ ಇಡುತ್ತಿದ್ದೆವು. ಟೇಪು ಸುಲಭಕ್ಕೆ ಸಿಗುತ್ತಿರಲಿಲ್ಲ, ಅಳಿಸುವುದು ಶಿಸ್ತು ಎನಿಸಿಕೊಂಡಿತ್ತು.

ಹೆಮ್ಮೆ ಪಡುವಂಥ ಕೆಲಸಗಳೂ ಆದವು, ಅದನ್ನೂ ಹೇಳಬೇಕು. ನಮ್ಮ ಪರೀಕ್ಷೆಯ ಪದ ಲೋಣಾವಳಾ. ದಿನಾ ಅದೇ ಲೋಕಲ್ಲಿನಲ್ಲಿ ಓಡಾಡುವವರಿಗೆ ಬೇರೆ ಪದ ಹೊಳೆಯಲಿಲ್ಲ. ನೋಡಿದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆಯೂ ಇರಲಿಲ್ಲ. ಣ ಬೇಕಾದರೆ ಮೂಗಿನ ಕೊಳವೆ ತೆರೆಯಬೇಕು, ಳ ಬೇಕಾದರೆ ನಾಲಿಗೆ ಹಿಂದಕ್ಕೆ ಮಡಚಬೇಕು. ದೆಹಲಿಯಿಂದ ಹಿರಿಯ ಅಧಿಕಾರಿಯೊಬ್ಬರು ನೋಡಲು ಬಂದ ದಿನ ನಾವು ಗಡಿಬಿಡಿಯಲ್ಲಿ ಮೂಗು ತೆರೆಯುವುದನ್ನೇ ಮರೆತೆವು. ಯಂತ್ರ ಗಂಭೀರವಾಗಿ "ಲೋಡಾವಳಾ" ಎಂದಿತು. ಅವರು, ಇದಕ್ಕೆ ನೆಗಡಿಯಾಗಿದೆ, ಶುಂಠಿ ಕಷಾಯ ಕೊಡಿ ಎಂದು ಹೇಳಿ ಊಟಕ್ಕೆ ಹೋದರು. ಅವರು ಊಟ ಮುಗಿಸಿ ಬರುವುದರೊಳಗೆ ಮೂಗು ತೆರೆದೆವು. ಮುಚ್ಚಲು ಮರೆತೆವು. ಮಧ್ಯಾಹ್ನವೆಲ್ಲ ಯಂತ್ರ ಮೂಗಿನಲ್ಲೇ ಗೊಣಗಿತು. ಲೇಲೆ ಸರ್ ನನ್ನ ಮೇಲೆ ರೇಗಿ, ಆಮೇಲೆ ಕಡತ ಅಡ್ಡ ಹಿಡಿದುಕೊಂಡು ಅದರ ಹಿಂದೆ ನಕ್ಕರು.

ಒಳ್ಳೆಯ ಮನುಷ್ಯ. ಈ ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ನೀವು ಅವರನ್ನು ಕಲ್ಲೆದೆಯವರು ಎಂದುಕೊಳ್ಳಬಹುದು.

ಬಿಬವೇವಾಡಿಯಲ್ಲಿ ನಮ್ಮ ಮನೆಯ ತಿರುವಿನಲ್ಲಿ ಒಂದು ಸಣ್ಣ ಹೋಟೆಲು. ಕುಂದಾಪುರದ ಕಡೆಯ ಭೋಜಣ್ಣ ಮತ್ತು ಅವರ ಹೆಂಡತಿ ವಾರಿಜಕ್ಕ ನಡೆಸುತ್ತಿದ್ದರು. ಭೋಜಣ್ಣ ಒಲೆಯ ಕಡೆ, ವಾರಿಜಕ್ಕ ಗಲ್ಲಾದಲ್ಲಿ. ಆ ಹೋಟೆಲು ನಡೆಯುತ್ತಿದ್ದದ್ದೇ ಅವರ ದನಿಯ ಮೇಲೆ. ಗಿರಾಕಿಗೆ ಮರಾಠಿ, ತರಕಾರಿಯವನಿಗೆ ಹಿಂದಿ, ಒಳಗಿನ ಅಡುಗೆಯವರಿಗೆ ಕನ್ನಡ, ಎಲ್ಲ ಒಂದೇ ಉಸಿರಿನಲ್ಲಿ. "ಎರಡು ಸಾದಾ, ಒಂದು ಮಸಾಲೆ, ಆ ಅಜ್ಜನಿಗೆ ಖಾರ ಕಮ್ಮಿ" ಎಂದು ಕೂಗಿದರೆ ರಸ್ತೆಯ ಆಚೆ ಬದಿಯ ಟೇಲರ್ ಕೂಡ ಅಜ್ಜ ಬಂದಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದ. ಪದದ ಕೊನೆಯನ್ನು ಸ್ವಲ್ಪ ಎಳೆದು, ಎಳೆದ ಮೇಲೆ ಮೇಲಕ್ಕೆ ಎತ್ತುವುದು ಅವರ ರೀತಿ. ನಾನು ಪುಣೆಗೆ ಹೊಸಬಳಾಗಿ ಬಂದು, ಮನೆಯ ಹೊರಗೆ ಕನ್ನಡವೇ ಕಿವಿಗೆ ಬೀಳದೆ ಒಣಗಿಹೋಗಿದ್ದಾಗ, ಆ ಹೋಟೆಲಿನ ಮೂಲೆಯಲ್ಲಿ ಕೂತು ಬೇಡದಿದ್ದರೂ ಎರಡನೆಯ ಚಹಾ ಕುಡಿದಿದ್ದೇನೆ, ಅವರ ಮಾತು ಕೇಳುವುದಕ್ಕೆ.

ಒಂದು ಮಳೆಗಾಲದಲ್ಲಿ ಅವರ ದನಿ ಒಡೆಯಿತು. ಕೂಗಿ ಕೂಗಿ ಹೀಗಾಗಿದೆ ಎಂದು ಜೇನುತುಪ್ಪ, ಕಾಳುಮೆಣಸು ನೆಕ್ಕಿದರು. ಮಳೆ ನಿಂತರೂ ದನಿ ತಿರುಗಿ ಬರಲಿಲ್ಲ. ಕೊನೆಗೆ ಆಸ್ಪತ್ರೆಗೆ ಹೋದಾಗ ಕ್ಯಾನ್ಸರ್ ಎಂದರು, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕು ಎಂದರು. ನಾನು ಇಡ್ಲಿ ಕಟ್ಟಿಸಿಕೊಳ್ಳಲು ಹೋಗಿದ್ದಾಗ ಭೋಜಣ್ಣ ಕೈಯಲ್ಲಿ ಸೌಟು ಹಿಡಿದುಕೊಂಡೇ ಇದನ್ನು ಹೇಳಿದರು.

"ಜೀವ ಉಳೀತದಂತೆ ಮೇಡಂ. ಮಾತು ಹೋಗ್ತದಂತೆ. ಮಗು ಇನ್ನೂ ಚಿಕ್ಕದು, ರಾತ್ರಿ ಕಥೆ ಹೇಳದಿದ್ರೆ ಮಲಗುದಿಲ್ಲ. ಮಗುಗೆ ಇದನ್ನ ಹ್ಯಾಗೆ ಹೇಳುದು?"

ನನಗೆ ಎದೆ ಉಬ್ಬಿ ಬಂತು. ದುಃಖದಿಂದಷ್ಟೇ ಅಲ್ಲ, ನಾಚಿಕೆ ಬಿಟ್ಟು ಹೇಳುತ್ತೇನೆ, ಹೆಮ್ಮೆಯಿಂದ. ಊರಿನಲ್ಲಿ ಇಷ್ಟು ಜನ ಇದ್ದಾರೆ, ಈ ಕೆಲಸ ಬಲ್ಲವರು ನಾವೇ ಅಲ್ಲವೇ?

"ಭೋಜಣ್ಣಾರ, ನಮ್ಮಲ್ಲಿ ಒಂದು ಯಂತ್ರ ಅದರಿ" ಎಂದೆ. "ಅಕ್ಕಾರ ಗಂಟಲಾ ಅಳದು ಇಟ್ಕೊಂಡ್ವಿ ಅಂದ್ರ, ಆಮ್ಯಾಲೆ ಅವರ ದನಿಲೇ ಮಾತಾಡ್ತದ. ಆಪರೇಷನ್ ಮುಂಚೆ ಕರ್ಕೊಂಡ್ ಬರ್ರಿ."

ಲೇಲೆ ಸರ್ ವಿಷಯ ಕೇಳಿ ಕುರ್ಚಿಯಿಂದ ಎದ್ದುನಿಂತರು. ಇದಕ್ಕಾಗಿಯೇ ಅಲ್ಲವೇ ನಾವು ಇಷ್ಟು ವರ್ಷ ಕೂತದ್ದು ಎಂದರು. ಬೇರೆ ಎಲ್ಲ ಕೆಲಸ ನಿಲ್ಲಿಸಿದರು.

ವಾರಿಜಕ್ಕ ಬಂದಾಗ ಅವರ ದನಿ ಅರ್ಧಕ್ಕಿಂತ ಹೆಚ್ಚು ಇನ್ನೂ ಇತ್ತು. ಸ್ವಲ್ಪ ಒರಟಾಗಿತ್ತು, ಆದರೆ ಅವರದೇ. ಹಸಿರು ಸೀರೆ ಉಟ್ಟು, ಮಲ್ಲಿಗೆ ಮುಡಿದು, ಸಮಾರಂಭಕ್ಕೆ ಬಂದವರಂತೆ ಬಂದಿದ್ದರು. ದನಿ ತಗ್ಗಿಸುವ ಬಟ್ಟೆ ಹೊದಿಸಿದ ಕೋಣೆಯಲ್ಲಿ ಕೂರಿಸಿ ಮೈಕು ಇಟ್ಟೆವು. ಹತ್ತಿರದ ಸೈನ್ಯದ ಮೈದಾನದಲ್ಲಿ ಗುಂಡು ಹಾರಿಸುವ ಅಭ್ಯಾಸ ನಡೆಯುತ್ತಿತ್ತು, ಅದು ನಿಂತಾಗ ಮಾತ್ರ ನಮಗೆ ಸಮಯ. ನಾನು ಹೇಳಿದೆ, "ಅಕ್ಕಾರ, ಮಾತಾಡೂದು ಬ್ಯಾಡ್ರಿ. ಬರೇ ಆ ಅನ್ರಿ. ಏರಿಸಬ್ಯಾಡ್ರಿ, ಇಳಿಸಬ್ಯಾಡ್ರಿ."

"ಡಾಕ್ಟ್ರೂ ಅದನ್ನೇ ಹೇಳುದು ಮಾರಾಯ್ತಿ! ಎಲ್ಲರಿಗೂ ನನ್ನ ಬಾಯಿ ತೆಗೆಸುದೇ ಕೆಲಸ" ಎಂದು ಅವರು ನಕ್ಕರು.

ಅ, ಆ, ಇ, ಈ ಎಂದು ಸಾಲಾಗಿ ಹೇಳಿಸಿದೆವು. ಗುಂಡಿನ ಸದ್ದು ಬಂದಾಗ ನಿಲ್ಲಿಸುವುದು, ಹೋದ ಮೇಲೆ ಮತ್ತೆ ಹೇಳಿಸುವುದು. ನಿಂತ ಹೊತ್ತಿನಲ್ಲೆಲ್ಲ ವಾರಿಜಕ್ಕ ಮಾತಾಡುತ್ತಿದ್ದರು. ಮಗಳು ಪ್ರತಿಮಾ ಬೇರೆ ಯಾರಿಂದಲೂ ತಲೆ ಬಾಚಿಸಿಕೊಳ್ಳುವುದಿಲ್ಲ ಎಂದರು. ಭೋಜಣ್ಣನ ಸಾಂಬಾರಿಗೆ ಇಂಗು ಜಾಸ್ತಿ, ಹೇಳಿದರೆ ಕೋಪ ಎಂದರು. ಮದುವೆಯಾಗಿ ಬಂದ ಹೊಸದರಲ್ಲಿ ಮರಾಠಿ ಬಾರದೆ ಬಸ್ಸಿನಲ್ಲಿ ಹಡಪಸರದವರೆಗೆ ಹೋಗಿಬಿಟ್ಟದ್ದನ್ನು ಕಂಡಕ್ಟರನ ದನಿ ಅನುಕರಿಸಿ ಹೇಳಿದರು. ಟೇಪು ಓಡುತ್ತಲೇ ಇತ್ತು. ಅವರ ದನಿಯೊಳಗಿನ ಅವರು ಪೂರ್ತಿ ಅಲ್ಲಿದ್ದರು.

ಕೊನೆಯಲ್ಲಿ ಅವರು ಕೇಳಿದರು. "ಇಷ್ಟೇಯಾ? ಮಾತು ಎಂತದೂ ಬೇಡ್ವಾ? ಮಗಳಿಗೆ ನಾಲ್ಕು ಮಾತು ಹೇಳಿಡ್ಲಾ?"

ನಾನು ಲೇಲೆ ಸರ್ ಮುಖ ನೋಡಿದೆ. ಅವರಿಗೆ ಕನ್ನಡ ಬಾರದು, ನಾನೇ ಮರಾಠಿಯಲ್ಲಿ ಹೇಳಿದೆ. ಅವರು ತುಂಬಾ ಮೃದುವಾಗಿ ಕೈ ಆಡಿಸಿದರು. "ಬೇಡ. ಪಾಪ, ಆಗಲೇ ಗಂಟಲು ನೋಯುತ್ತಿರಬೇಕು. ಆಮೇಲೆ ಯಂತ್ರದಲ್ಲಿ ನಾಲ್ಕಲ್ಲ, ನಾಲ್ಕು ಸಾವಿರ ಮಾತು ಹೇಳಲಿ." ನನಗೂ ಅದು ಸರಿ ಎನಿಸಿತು. ಇನ್ನೂ ಎಲ್ಲ ಬರುವುದಿದೆ ಎಂದು ನಾವು ನಿಜವಾಗಿಯೂ ನಂಬಿದ್ದೆವು. ವಾರಿಜಕ್ಕನೂ ನಂಬಿದರು. ಹೂವು ಸರಿಮಾಡಿಕೊಂಡು, ಎಲ್ಲರಿಗೂ ಕೈ ಮುಗಿದು ಹೋದರು.

ಮರುದಿನ ರೂಢಿಯಂತೆ ಸ್ವರಗಳ ತಲೆ ಬಾಲ ಕತ್ತರಿಸಿ ಇಳಿಸಿಕೊಂಡೆವು. ನಡುನಡುವಿನ ಮಾತು, ನಗು, ಕಂಡಕ್ಟರನ ಕಥೆ, ಇವೆಲ್ಲ ನಮ್ಮ ಲೆಕ್ಕದಲ್ಲಿ ಗುಂಡಿನ ಸದ್ದಿನ ಜೊತೆಗೆ ಸೇರುವಂಥವು. ಟೇಪು ಅಳಿಸಿದೆವು. ಬೇರೆ ಯಾವ ಕೆಲಸದವರಾದರೂ, ಒಬ್ಬ ಫೋಟೋ ಸ್ಟುಡಿಯೋದವನಾದರೂ, ಆ ಟೇಪನ್ನು ಎತ್ತಿಡುತ್ತಿದ್ದ. ದನಿಯ ಬಗ್ಗೆ ಅಷ್ಟು ತಿಳಿದುಕೊಂಡಿದ್ದ ನಾವು ಮಾತ್ರ ಅದನ್ನು ಕಸ ಎಂದುಕೊಳ್ಳಬಲ್ಲವರಾಗಿದ್ದೆವು.

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಜೀವ ಉಳಿಯಿತು. ಕತ್ತಿನಲ್ಲಿ ಉಸಿರಿಗೊಂದು ತೂತು, ಅದರ ಮೇಲೆ ಸೆರಗು. ವೈದ್ಯರು ಕತ್ತಿಗೆ ಒತ್ತಿಹಿಡಿದು ಮಾತಾಡುವ ಬ್ಯಾಟರಿಯ ಉಪಕರಣ ಕೊಟ್ಟಿದ್ದರು. ಅದು ದುಂಬಿಯ ಹಾಗೆ ಗುಂಯ್ ಎನ್ನುತ್ತಿತ್ತು, ಗಿರಾಕಿಗಳು ತಿನ್ನುವುದು ನಿಲ್ಲಿಸಿ ನೋಡುತ್ತಿದ್ದರು. ವಾರಿಜಕ್ಕ ಅದನ್ನು ಡ್ರಾಯರಿನೊಳಗೆ ಹಾಕಿಬಿಟ್ಟರು. ತುಟಿ, ನಾಲಿಗೆ ಎಲ್ಲ ಮೊದಲಿನಂತೆ ಆಡುತ್ತಿದ್ದವು, ದನಿ ಮಾತ್ರ ಇರಲಿಲ್ಲ. ಅವರು ನಮ್ಮ ಯಂತ್ರಕ್ಕಾಗಿ ಕಾಯುತ್ತಿದ್ದರು. ನಾನು ಹೋಟೆಲಿನ ಮುಂದೆ ಹಾದುಹೋದಾಗಲೆಲ್ಲ ಹುಬ್ಬು ಎತ್ತಿ, ಆಯಿತಾ ಎಂದು ಕೇಳುತ್ತಿದ್ದರು. ನಾನು, ಇನ್ನೇನು ಆಗ್ತದರಿ ಎಂದು ಕೈ ಮಾಡುತ್ತಿದ್ದೆ.

ಅವರ ಬಾಯಿಯ ಎಕ್ಸ್-ರೇ ತೆಗೆಯಲು ವೈದ್ಯರು ಒಪ್ಪಿರಲಿಲ್ಲ. ಹಾಗಾಗಿ ಲೇಲೆ ಸರ್ ಅವರ ಕೊಳವೆಯನ್ನೇ ಕುಗ್ಗಿಸಿ, ವಾರಿಜಕ್ಕನ ಸ್ವರಗಳಿಗೆ ಹೊಂದುವವರೆಗೆ ತಿದ್ದಿ ತಿದ್ದಿ ತಂದೆವು. ಸ್ವರಗಳು ಒಂದೊಂದಾಗಿ ಕೇಳಿದರೆ ಚೆನ್ನಾಗಿಯೇ ಇದ್ದವು. ಒಂದು ಮಧ್ಯಾಹ್ನ, ಊಟದ ಹೊತ್ತು ಮುಗಿದು ತಿಂಡಿಯ ಹೊತ್ತು ಶುರುವಾಗುವ ಮೊದಲು, ಕಂಪ್ಯೂಟರನ್ನು ರಿಕ್ಷಾದಲ್ಲಿ ಹೇರಿಕೊಂಡು ಹೋಟೆಲಿಗೆ ಹೋದೆವು. ಲೇಲೆ ಸರ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪ್ರತಿಮಾ ಶಾಲೆಯಿಂದ ಬಂದು ಚೀಲ ಕೂಡ ಇಳಿಸದೆ ಮುಂದಿನ ಮೇಜಿನಲ್ಲಿ ಕೂತಳು. ನಾನು ಒಂದು ಸಾಲು ಟೈಪು ಮಾಡಿದೆ.

"ಪ್ರತಿಮಾ, ಊಟ ಆಯ್ತಾ ಮಗಾ?" ಎಂದಿತು ಯಂತ್ರ.

ಹುಡುಗಿ ಸ್ಪೀಕರಿನ ಹಿಂದೆ ಬಗ್ಗಿ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ ಮರಾಠಿಯಲ್ಲಿ, ಈ ಕಾಕಾ ಯಾರು ಎಂದು ಕೇಳಿದಳು.

ಲೇಲೆ ಸರ್ ಕಿವಿ ಕೆಂಪಾಯಿತು. ಎಷ್ಟು ಕುಗ್ಗಿಸಿದರೂ ಅದು ಅವರದೇ ಗಂಡಸಿನ ಗಂಟಲು, ಮಗುವಿಗೆ ತಕ್ಷಣ ತಿಳಿಯಿತು. ಮೊದಲು ನಕ್ಕವರು ವಾರಿಜಕ್ಕ. ಹೆಗಲು ಕುಣಿಯಿತು, ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ. ನಗುವುದಕ್ಕೂ ದನಿ ಬೇಕು ಎಂಬುದನ್ನು ನಾನು ಅವತ್ತು ಕಂಡೆ. ಅವರು ನನ್ನ ಮುಂಗೈ ಒತ್ತಿ ಹಿಡಿದು, ಭೋಜಣ್ಣನಿಗೆ ಎಲ್ಲರಿಗೂ ಕಾಫಿ ಎಂದು ಸನ್ನೆ ಮಾಡಿದರು.

"ನಿಮ್ಮ ಲೆಕ್ಕ ಸರಿಯೇ ಇರಬಹುದು ಮೇಡಂ" ಎಂದರು ಭೋಜಣ್ಣ, ಲೋಟ ಇಡುತ್ತ. "ಆದ್ರೆ ಇದು ಅವಳಲ್ಲ."

ಆಮೇಲೆ ನಾನು ಬಿಡಲಿಲ್ಲ. ಹೆಂಗಸಿನ ಗಂಟಲು ಗಂಡಸಿನದರ ಸಣ್ಣ ಪ್ರತಿಯಲ್ಲ, ಅದರ ಹಿಂಭಾಗ ಬಾಯಿಗಿಂತ ಹೆಚ್ಚು ಪ್ರಮಾಣದಲ್ಲಿ ಚಿಕ್ಕದು. ಇದು ಬೇರೆಯವರಿಗೆ ಗೊತ್ತಿತ್ತು, ನಾವು ಓದಿಯೂ ಬದಿಗಿಟ್ಟಿದ್ದೆವು. ಸರಿಪಡಿಸಿದೆ. ಕಾಕಾ ಹೋಗಿ ಯಾರೋ ಒಬ್ಬ ಹೆಂಗಸು ಬಂದಳು. ಆದರೆ ಅವಳು ವಾರಿಜಕ್ಕ ಆಗಲಿಲ್ಲ. ಪದದ ಕೊನೆ ಎಳೆದು ಎತ್ತುವ ಆ ರೀತಿ ಯಾವ ಅಗಲದಲ್ಲೂ ಇರಲಿಲ್ಲ. ಅದು ಇದ್ದದ್ದು ನಾವು ಕತ್ತರಿಸಿ ಎಸೆದ ತಲೆ ಬಾಲಗಳಲ್ಲಿ, ಅಳಿಸಿದ ಮಾತಿನಲ್ಲಿ. ನೆನಪಿನಿಂದ ಅದನ್ನು ತಿದ್ದಲು ನೋಡಿದೆ. ದನಿಯ ಏರಿಳಿತವನ್ನು ನೆನಪಿನಿಂದ ಬರೆಯುವುದು ನನ್ನಿಂದ ಆಗಲಿಲ್ಲ. ಎರಡನೆಯ ಸಲ ಯಂತ್ರ ಒಯ್ದಾಗ ವಾರಿಜಕ್ಕ ಕೇಳಿ ತಲೆದೂಗಿದರು, ಚೆನ್ನಾಗಿದೆ ಎಂದು ಬೆರಳು ಮಾಡಿದರು. ಆಮೇಲೆ ನನ್ನನ್ನು ನೋಡಿ ಹುಬ್ಬು ಎತ್ತುವುದನ್ನು ಬಿಟ್ಟರು. ಅದು ನನಗೆ ಬೈದದ್ದಕ್ಕಿಂತ ಹೆಚ್ಚು ನೋಯಿಸಿತು.

ಕಾಲ ಬದಲಾಯಿತು. ನಮ್ಮ ಪ್ರಯೋಗಾಲಯದಲ್ಲೂ ಹೊಲಿಗೆಯ ಪದ್ಧತಿ ಬಂತು. ಆಕಾಶವಾಣಿಯಲ್ಲಿ ಓದುತ್ತಿದ್ದ ಒಬ್ಬ ಹೆಂಗಸನ್ನು ಕರೆಸಿ ವಾರಗಟ್ಟಲೆ ಓದಿಸಿದರು. ಅವರ ಕೆಮ್ಮು ಕೂಡ ಜೋಪಾನವಾಗಿ ಕಾದಿಟ್ಟರು. ನಾನು ಅದನ್ನು ನೋಡುತ್ತ ಎಷ್ಟೋ ಸಲ ಎದ್ದು ಹೊರಗೆ ಹೋಗಿದ್ದೇನೆ. ಪ್ಲಾಸ್ಟಿಕ್ ಬಿಲ್ಲೆಗಳು ಮೊದಲು ಕಪಾಟಿಗೆ, ಆಮೇಲೆ ಎಲ್ಲಿಗೋ ಹೋದವು. ಲೇಲೆ ಸರ್ ನಿವೃತ್ತರಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿದ್ದೆ. ಕಿತ್ತಳೆ ಸುಲಿಯುತ್ತ ಕೂತಿದ್ದರು. ಆ ಹೋಟೆಲಿನ ಬಾಯಿಗೆ ದನಿ ಸಿಕ್ಕಿತೇ ಎಂದು ಕೇಳಿದರು. ಇಲ್ಲ ಸರ್ ಎಂದೆ. ಅವರು ಸುಲಿದ ಹಣ್ಣನ್ನು ತಿನ್ನದೆ ನನ್ನ ಕೈಗೆ ಕೊಟ್ಟು ಬಾಲ್ಕನಿಗೆ ಹೋದರು. ಆಮೇಲೆ ನಾವು ಆ ವಿಷಯ ಎತ್ತಲಿಲ್ಲ. ಈಗ ಅವರು ಇಲ್ಲ, ಭೋಜಣ್ಣನೂ ಇಲ್ಲ.

ಮೊನ್ನೆ ದಸರೆಗೆ ಮುಂಚೆ ಪ್ರತಿಮಾ ಮನೆಗೆ ಬಂದಳು. ಈಗ ಹೋಟೆಲು ಅವಳೇ ನೋಡಿಕೊಳ್ಳುವುದು. ಜೊತೆಯಲ್ಲಿ ರಘು ಎಂಬ ಹುಡುಗ, ಮೈಸೂರಿನವನು, ಹಿಂಜವಡಿಯಲ್ಲಿ ಇದೇ ದನಿಯ ಕೆಲಸ ಮಾಡುತ್ತಾನೆ, ಅವಳ ಹೋಟೆಲಿನಲ್ಲಿ ದಿನಾ ಊಟ.

"ಮಾವ್ಶೀ" ಎಂದು ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಕರೆದಳು ಪ್ರತಿಮಾ, "ಅಮ್ಮ ನಿಮ್ಮಲ್ಲಿ ಬಂದು ಗಂಟೆಗಟ್ಲೆ ಮಾತಾಡಿದ್ಲಂತೆ, ಅಪ್ಪ ಹೇಳ್ತಿದ್ರು. ಅದು ಇಟ್ಟಿದ್ದೀರಿ ಅಲ್ವಾ?"

"ಈಗೆಲ್ಲ ಒಂದು ಸಣ್ಣ ಸ್ಯಾಂಪಲ್ ಇದ್ರೆ ಸಾಕು ಮೇಡಂ" ಎಂದ ರಘು. "ಅಮ್ಮ ಟೈಪ್ ಮಾಡಿದ್ರೆ ಸಾಕು, ಅವರ ವಾಯ್ಸಲ್ಲೇ ಬರುತ್ತೆ. ಅವರು ಮಾತಾಡಿರೋ ಒಂದು ಹಳೇ ಮದುವೆ ವಿಡಿಯೋ ನೋಡಿದ್ವಿ, ಅದರ ಮೇಲೆಲ್ಲ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ. ಇನ್ನು ನಿಮ್ಮ ಹತ್ರ ಇರೋದೇ."

ಪ್ರತಿಮಾಳ ಮುಖದಲ್ಲಿದ್ದ ಆಸೆಯನ್ನು ನೋಡಲಾರದೆ ನಾನು ಪೆನ್ ಡ್ರೈವ್ ಹುಡುಕುವ ನೆಪದಲ್ಲಿ ಒಳಗೆ ಹೋದೆ. ಆ ಸ್ವರಗಳ ಒಂದು ಪ್ರತಿಯನ್ನು ನಾನು ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ ದಾಟಿಸುತ್ತ ಇಟ್ಟುಕೊಂಡು ಬಂದಿದ್ದೆ. ರಘು ತನ್ನ ಲ್ಯಾಪ್‌ಟಾಪಿನಲ್ಲಿ ಒಂದೊಂದನ್ನೇ ಕೇಳಿದ. ಮತ್ತೆ ಕೇಳಿದ.

"ಇದ್ರಲ್ಲಿ ಮಾತೇ ಇಲ್ವಲ್ಲ ಮೇಡಂ. ಬರೀ ಸ್ವರ. ಅದೂ ಸ್ಟ್ರೇಟ್ ಲೈನ್ ತರ ಇದೆ."

"ಹೌದಪ್ಪ" ಎಂದೆ. "ಹಂಗ ಇಡಬೇಕು ಅಂತ ನಾವ ಕತ್ತರಿಸಿದ್ವಿ."

ಪ್ರತಿಮಾ ಒಂದು ಮಾತು ಅಂದುಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ರಘು ಆದರೂ ಪ್ರಯತ್ನ ಪಟ್ಟ. ಅವನ ಮೇಲೆ ನನಗೆ ಅಭಿಮಾನವಿದೆ. ಮುಂದಿನ ವಾರ ಹೋಟೆಲಿಗೆ ಕರೆದ. ಊಟದ ಗಿರಾಕಿಗಳು ಹೋದ ಮೇಲೆ ವಾರಿಜಕ್ಕ ಗಲ್ಲಾದ ಕುರ್ಚಿಯಲ್ಲಿ ಕೂತಿದ್ದರು, ತಲೆ ಪೂರ್ತಿ ಬೆಳ್ಳಗಾಗಿದೆ. ರಘುವಿನ ಯಂತ್ರ ಕನ್ನಡದಲ್ಲಿ ಸರಾಗವಾಗಿ ಒಂದು ಪ್ಯಾರಾ ಮಾತಾಡಿತು. ದನಿಯ ಬಣ್ಣದಲ್ಲಿ ಎಲ್ಲೋ ವಾರಿಜಕ್ಕ ಇದ್ದರು. ಮಾತಿನ ರೀತಿ ಬೆಂಗಳೂರಿನ ವಾರ್ತೆ ಓದುವವರದು. ಪ್ರತಿಮಾ ಕೇಳಿ, "ಚೆನ್ನಾಗಿದೆ ರಘು, ಥ್ಯಾಂಕ್ಸ್" ಎಂದು ಕಾಫಿ ತರಲು ಅಡುಗೆಮನೆಗೆ ಎದ್ದುಹೋದಳು. ರಘು ಮುಖ ಸಣ್ಣದು ಮಾಡಿಕೊಂಡ.

ವಾರಿಜಕ್ಕ ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡು, ಹಳೆಯದನ್ನು ಹಾಕು ಎಂದು ಕೈ ಮಾಡಿದರು. ರಘು ಸ್ವರಗಳನ್ನು ಒಂದೊಂದಾಗಿ ಕೇಳಿಸಿದ, ಯಾವುದಕ್ಕೆ ಯಾವ ಕೀಲಿ ಒತ್ತಬೇಕೆಂದು ತೋರಿಸಿದ. ಅವರು ತಲೆ ಓರೆ ಮಾಡಿ ಔ ವರೆಗೂ ಕೇಳಿದರು. ತಮ್ಮ ದನಿಯನ್ನು ಅವರು ಇಷ್ಟು ವರ್ಷಗಳ ಮೇಲೆ ಕೇಳುತ್ತಿದ್ದರು ಎಂಬುದು ನನಗೆ ಆಗ ಹೊಳೆಯಿತು. ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಪ್ರತಿಮಾ ಎಂದಿನ ಅಭ್ಯಾಸದಲ್ಲಿ ಕೂಗಿದಳು. "ಅಮ್ಮಾ!"

ಅವಳು ಕರೆದರೆ ಗಲ್ಲಾದ ಮೇಲಿನ ತಟ್ಟೆಗೆ ಚಮಚ ಬಡಿಯುವುದು ಅವರ ಉತ್ತರ. ವಾರಿಜಕ್ಕನ ಕೈ ಚಮಚದ ಕಡೆ ಹೋಯಿತು. ಅಲ್ಲಿಂದ ಹಿಂದೆ ಬಂದು, ಕೀಲಿಗಳ ಮೇಲೆ ಸ್ವಲ್ಪ ಹುಡುಕಿ, ಒಂದನ್ನು ಒತ್ತಿತು.

"ಓ" ಎಂದಿತು ಅವರ ದನಿ.

ಒಳಗೆ ಪಾತ್ರೆಯ ಸದ್ದು ನಿಂತಿತು. ಪ್ರತಿಮಾ ಕೈಯಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಲ್ಯಾಪ್‌ಟಾಪನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಾಯಿಯನ್ನು ನೋಡಿ ಮೆಲ್ಲಗೆ ಮತ್ತೆ ಕರೆದಳು. "ಅಮ್ಮಾ?"

"ಓ."

ಅದು ಏರಲಿಲ್ಲ, ಇಳಿಯಲಿಲ್ಲ. ಏನು ಮಗಾ ಎಂದು ಕೇಳುವ ಭಾಗ ಅದರಲ್ಲಿರಲಿಲ್ಲ, ಆ ಭಾಗವನ್ನು ನಾವು ತೆಗೆದಿದ್ದೆವು. ಮಗಳಿಗೆ ಹೇಳಿಡುತ್ತೇನೆ ಎಂದು ಅವರು ಕೇಳಿಕೊಂಡ ಆ ನಾಲ್ಕು ಮಾತು ಯಾವುವು ಎಂದು ನಾನು ಆಗ ವಿಚಾರಿಸಿರಲೂ ಇಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಪ್ರತಿಮಾ ಹಾಲಿನ ಪಾತ್ರೆಯನ್ನು ಹತ್ತಿರದ ಮೇಜಿನ ಮೇಲಿಟ್ಟು, ಶಾಲೆಯಿಂದ ಬಂದ ಹುಡುಗಿಯ ಹಾಗೆ ಜೋರಾಗಿ ಇನ್ನೊಮ್ಮೆ ಕರೆದಳು. ವಾರಿಜಕ್ಕ ಅದೇ ಕೀಲಿ ಒತ್ತಿದರು.